ಒಂದು ಪಾವು ಉಪ್ಪಿನ ಕಥೆ

ಅಮ್ಮನ ಕಾಗದದಲ್ಲಿ ಇದ್ದದ್ದು ಇಷ್ಟೇ: ಇಪ್ಪತ್ತೈದು ನಿಂಬೆಹಣ್ಣು, ಒಂದು ಪಾವು ಉಪ್ಪು, ಅರ್ಧ ಪಾವು ಮೆಣಸಿನಪುಡಿ. ಸಾಸಿವೆ, ಮೆಂತ್ಯ, ಇಂಗು ನಿನ್ನ ಅಂದಾಜಿನಂತೆ.

ಅದು 1989ರ ಬೇಸಿಗೆ. ಮದುವೆಯಾಗಿ ಅಮೆರಿಕಾಕ್ಕೆ ಬಂದು ನನಗೆ ಇನ್ನೂ ವರ್ಷ ತುಂಬಿರಲಿಲ್ಲ. ಕನ್ನಡ ಕೂಟದ ಗಣೇಶನ ಹಬ್ಬಕ್ಕೆ ಪ್ರತಿ ಮನೆಯವರೂ ಒಂದೊಂದು ತಿನಿಸು ತರಬೇಕೆಂದಾಗ, ಹೊಸಬಳಾದ ನಾನು ಉತ್ಸಾಹದಿಂದ ನಿಂಬೆಹಣ್ಣಿನ ಉಪ್ಪಿನಕಾಯಿ ತರುತ್ತೇನೆಂದು ಒಪ್ಪಿಕೊಂಡುಬಿಟ್ಟೆ. ಸಾಗರದಿಂದ ಪೆಟ್ಟಿಗೆಯಲ್ಲಿ ತಂದಿದ್ದ ಹಿತ್ತಾಳೆಯ ಪಾವು ಇತ್ತು. ನಿಂಬೆಹಣ್ಣು ಸಿಕ್ಕಿತು. ಉಪ್ಪಿನಕಾಯಿಗೆ ಕಲ್ಲುಪ್ಪೇ ಆಗಬೇಕು ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಿದ್ದುದರಿಂದ, ಅಂಗಡಿಯಲ್ಲಿ ಹುಡುಕಿ ದಪ್ಪ ಹರಳಿನ ಉಪ್ಪಿನ ಡಬ್ಬವೊಂದನ್ನು ತಂದೆ. ಅದರ ಮೇಲೆ 'ಕೋಷರ್' ಎಂದು ಬರೆದಿತ್ತು. ಹರಳು ದಪ್ಪವಾಗಿದೆಯಲ್ಲ, ಇದೇ ಇಲ್ಲಿನವರ ಕಲ್ಲುಪ್ಪು ಇರಬೇಕು ಎಂದುಕೊಂಡೆ. ಪಾವಿನಲ್ಲಿ ತಲೆತಟ್ಟಿ ಅಳೆದು ಹಾಕಿದೆ.

ಮೂರು ವಾರ ಕಳೆದು ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿಯ ಬೂಷ್ಟು. ಅಷ್ಟನ್ನೂ ಕಸಕ್ಕೆ ಸುರಿದು, ಹಬ್ಬಕ್ಕೆ ಅಂಗಡಿಯ ಬಾಟಲಿ ಹಿಡಿದುಕೊಂಡು ಹೋದೆ. ನನ್ನ ಸಪ್ಪೆ ಮುಖ ನೋಡಿ ಕೂಟದ ಹಿರಿಯರೊಬ್ಬರು ಕಾರಣ ಕೇಳಿದರು. ಎಲ್ಲವನ್ನೂ ಹೇಳಿದ ಮೇಲೆ ಅವರು ನಕ್ಕು, "ಉಪ್ಪನ್ನ ಕಣ್ಣಲ್ಲಿ ನೋಡಬೇಡ ಕಣಮ್ಮ, ತೂಗಿ ನೋಡು" ಎಂದರು.

ಮನೆಗೆ ಬಂದು ತೂಗಿ ನೋಡಿದೆ. ನನ್ನ ಪಾವಿನಲ್ಲಿ ಮೇಜಿನ ಪುಡಿ ಉಪ್ಪು ಸುಮಾರು 300 ಗ್ರಾಂ ಹಿಡಿಯಿತು. ಆ ಕೋಷರ್ ಉಪ್ಪು 145 ಗ್ರಾಂ ಕೂಡ ಮುಟ್ಟಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಕಲ್ಲುಪ್ಪನ್ನು ಅದೇ ಪಾವಿನಲ್ಲಿ ತುಂಬಿ ತೂಗಿದೆ: ಹತ್ತಿರ ಹತ್ತಿರ 240 ಗ್ರಾಂ. ಪಾವು ಒಂದೇ, ಉಪ್ಪು ಮೂರು, ತೂಕವೂ ಮೂರು. ನಿಂಬೆಹಣ್ಣಿಗೆ ಸಿಗಬೇಕಾದ ಉಪ್ಪಿನಲ್ಲಿ ಅರ್ಧಕ್ಕೆ ಕೊಂಚ ಹೆಚ್ಚು ಮಾತ್ರ ಸಿಕ್ಕಿತ್ತು. ಅಮ್ಮ ತಪ್ಪು ಬರೆದಿರಲಿಲ್ಲ. ಅವಳ ಕಾಲಕ್ಕೆ, ಅವಳ ಊರಿಗೆ, ಉಪ್ಪು ಎಂದರೆ ಒಂದೇ ಉಪ್ಪು. ಯಾವ ಉಪ್ಪು ಎಂದು ಹೇಳುವ ಅಗತ್ಯವೇ ಅವಳಿಗೆ ಬಂದಿರಲಿಲ್ಲ.

ಅಂದಿನಿಂದ ಉಪ್ಪಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಹುಚ್ಚು ನನಗೆ ಹತ್ತಿತು. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ನಮ್ಮ ಅಡಿಗೆಮನೆಗಳ ಡಬ್ಬಗಳಲ್ಲಿ ಕುಳಿತಿರುವ ಈ ಬೇರೆ ಬೇರೆ ಉಪ್ಪುಗಳು ಎಲ್ಲಿಂದ, ಹೇಗೆ ಬಂದವು ಎಂಬುದನ್ನೇ ಬರೆಯೋಣವೆನಿಸಿತು.

ಘಟ್ಟ ಹತ್ತಿದ ಉಪ್ಪು

ಅಮ್ಮನ ಕಲ್ಲುಪ್ಪು ಕಡಲಿನದು. ಗೋಕರ್ಣದ ಹತ್ತಿರ, ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಕುಮಟಾ ತಾಲ್ಲೂಕಿನ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳಿವೆ. ದೂರದಿಂದ ನೋಡಿದರೆ ನಾಟಿಗೆ ಸಿದ್ಧವಾದ ಭತ್ತದ ಗದ್ದೆಗಳಂತೆಯೇ ಕಾಣುತ್ತವೆ. ಕೆಲಸವೂ ಒಂದು ರೀತಿಯಲ್ಲಿ ಬೇಸಾಯವೇ.

ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಭರತದ ಹೊತ್ತಿನಲ್ಲಿ ಉಪ್ಪುನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟುಕೊಂಡು, ಒಂದು ಗದ್ದೆಯಿಂದ ಇನ್ನೊಂದಕ್ಕೆ ಹರಿಸುತ್ತ, ಬಿಸಿಲಿನಲ್ಲಿ ಗಟ್ಟಿ ಮಾಡುತ್ತಾರೆ. ಮೊದಲು ಸುಣ್ಣದ ಅಂಶಗಳು ತಳಕ್ಕೆ ಕೂರುತ್ತವೆ. ನೀರು ಇನ್ನಷ್ಟು ಇಂಗಿದ ಮೇಲೆ ಅಡಿಗೆಯ ಉಪ್ಪು ಹರಳುಗಟ್ಟುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಕೊನೆಯಲ್ಲಿ ಮೆಗ್ನೀಸಿಯಂ ಲವಣಗಳೂ ಸೇರಿ ಉಪ್ಪು ಕಹಿಯಾಗುತ್ತದೆ. ಆದ್ದರಿಂದ ಆ ಕಹಿ ನೀರನ್ನು ಸರಿಯಾದ ಹೊತ್ತಿಗೆ ಹೊರಗೆ ಬಿಡಬೇಕು. ಅದು ಬಲ್ಲವರ ಕೈಕೆಲಸ. ಮರದ ಹಲಗೆಯಿಂದ ಎಳೆದು ರಾಶಿ ಹಾಕಿ, ನೀರು ಬಸಿದುಹೋಗಲು ಬಿಡುತ್ತಾರೆ. ಮುಂಗಾರಿನ ಮೊದಲ ದೊಡ್ಡ ಮಳೆಯೊಂದಿಗೆ ಆ ವರ್ಷದ ಕೆಲಸ ಮುಗಿಯುತ್ತದೆ.

ಈ ಉಪ್ಪು ಘಟ್ಟ ಹತ್ತಿ ಬಯಲುಸೀಮೆಗೆ ಬರುತ್ತಿದ್ದದ್ದು ಎತ್ತುಗಳ ಬೆನ್ನಿನ ಮೇಲೆ. ಲಂಬಾಣಿಗರ ನೂರಾರು ಹೇರೆತ್ತುಗಳ ಸಾಲು ಮೇಲಿನಿಂದ ಧಾನ್ಯ ಹೊತ್ತು ಇಳಿದು, ಕೆಳಗಿನಿಂದ ಉಪ್ಪು ಹೊತ್ತು ಹತ್ತುತ್ತಿತ್ತು. ಗಾಡಿರಸ್ತೆ, ರೈಲು ಬರುವ ತನಕ ಒಳನಾಡಿನ ಅಡಿಗೆಮನೆಗೂ ಕಡಲಿಗೂ ನಂಟು ಬೆಸೆದವರು ಇವರೇ. ನೇತ್ರಾವತಿ ಕುಮಾರಧಾರಾ ಕೂಡುವ ಜಾಗದ ಪೇಟೆಗೆ ಉಪ್ಪಿನಂಗಡಿ ಎಂಬ ಹೆಸರಿದೆಯಲ್ಲ, ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮಲೆನಾಡಿನ ಮನೆಗಳಲ್ಲಿ ವರ್ಷದ ಉಪ್ಪನ್ನು ಮಳೆಗಾಲಕ್ಕೆ ಮೊದಲೇ ತಂದು ಮರದ ಮರಿಗೆಯಲ್ಲಿ ತುಂಬಿಡುತ್ತಿದ್ದರು. ನಮ್ಮ ಅಜ್ಜಿಯ ಮನೆಯಲ್ಲಿ ಅದು ಒಲೆಯ ಬಳಿಯೇ ಇರುತ್ತಿತ್ತು. ಆದರೂ ಆಷಾಢದಲ್ಲಿ ಉಪ್ಪು 'ಅಳುತ್ತಿತ್ತು'. ಮರಿಗೆಯ ಕೆಳಗೆ ಕಂದು ನೀರು ತೊಟ್ಟಿಕ್ಕುತ್ತಿತ್ತು. ಉಪ್ಪಿನಲ್ಲಿ ಉಳಿದ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಹಾಗೆ ಅತ್ತು ಅತ್ತು ಹಳೆಯ ಉಪ್ಪಿನ ಕಹಿ ಇಳಿಯುತ್ತದೆ. ಉಪ್ಪಿನಕಾಯಿಗೆ ಹಳೇ ಉಪ್ಪು ಒಳ್ಳೆಯದು ಎಂದು ಅಜ್ಜಿ ಹೇಳುತ್ತಿದ್ದದ್ದು ಬರೀ ನಂಬಿಕೆಯಲ್ಲ.

ಮಳೆಗಾಲದ ನಾಲ್ಕು ತಿಂಗಳು ತರಕಾರಿ ಸಿಗದ ಆ ಸೀಮೆಯಲ್ಲಿ ಉಪ್ಪೇ ಉಗ್ರಾಣ. ಅಪ್ಪೆಮಿಡಿಯನ್ನು ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು ಎಂದು ಹಾಕಿ ಚಿರುಟಲು ಬಿಡುವುದು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿಡುವುದು, ಬಲಿತ ಮಾವಿನಕಾಯಿಯನ್ನು ಉಪ್ಪುನೀರಿನಲ್ಲಿ ಮುಳುಗಿಸಿಡುವುದು, ಇವೆಲ್ಲ ನಾಲಿಗೆಯ ಚಪಲಕ್ಕಾಗಿ ಹುಟ್ಟಿದವಲ್ಲ. ಉಪ್ಪು ಕಡಿಮೆ ಬಿದ್ದರೆ ಶ್ರಾವಣದಲ್ಲಿ ಮನೆಮಂದಿಗೆ ನಂಜಿಕೊಳ್ಳಲು ಇಲ್ಲ.

ಮಣ್ಣಿನಿಂದ ತೆಗೆದ ಉಪ್ಪು

ಕಡಲು ದೂರವಿದ್ದ ಬಯಲುಸೀಮೆಯಲ್ಲಿ ಇನ್ನೊಂದು ಉಪ್ಪು ಇತ್ತು. ಇಂದು ಅದು ಯಾರ ಮನೆಯಲ್ಲೂ ಇಲ್ಲ. ಮೈಸೂರು, ಬಳ್ಳಾರಿ ಸೀಮೆಗಳ ಚೌಳು ನೆಲದಲ್ಲಿ ಬೇಸಿಗೆಯ ಹೊತ್ತಿಗೆ ಬಿಳಿಯ ಪೊರೆ ಎದ್ದುಬರುತ್ತದೆ. ಉಪ್ಪಾರರು ಆ ಮೇಲ್ಮಣ್ಣನ್ನು ಕೆರೆದು ತಂದು, ಗುಂಡಿಗಳಲ್ಲಿ ತುಂಬಿ, ಮೇಲಿನಿಂದ ನೀರು ಹೊಯ್ದು ಕೆಳಗೆ ಇಳಿದ ಉಪ್ಪುನೀರನ್ನು ಹಿಡಿದು, ಬಿಸಿಲಿನಲ್ಲಿಟ್ಟೋ ಬೆಂಕಿಯಲ್ಲಿ ಕಾಯಿಸಿಯೋ ಉಪ್ಪು ತೆಗೆಯುತ್ತಿದ್ದರು. ಗಂಗೆಯನ್ನು ತಂದ ಭಗೀರಥನ ವಂಶದವರೆಂದು ಹೇಳಿಕೊಳ್ಳುವ ಈ ಜನರ ಕುಲದ ಹೆಸರೇ ಉಪ್ಪು. ಬೆಂಗಳೂರಿನ ಉಪ್ಪಾರಪೇಟೆಯ ಹೆಸರನ್ನು ನಾವೆಲ್ಲ ಬಸ್ಸಿನ ಗದ್ದಲದ ನಡುವೆ ಸಾವಿರ ಸಲ ಕೇಳಿದ್ದೇವೆ. ಆ ಹೆಸರಿನಲ್ಲಿ ಯಾರಿದ್ದಾರೆಂದು ಎಷ್ಟು ಸಲ ಯೋಚಿಸಿದ್ದೇವೆ?

ಮಣ್ಣುಪ್ಪು ಅಷ್ಟು ಬಿಳಿಯಲ್ಲ, ಅಷ್ಟು ಶುದ್ಧವೂ ಅಲ್ಲ. ಆದರೆ ಅಗ್ಗ. ಬಡವರ ರಾಗಿಮುದ್ದೆಯ ಸಾರಿಗೆ ಅದೇ ಆಧಾರ. ಅದನ್ನು ಇಲ್ಲವಾಗಿಸಿದ್ದು ಕಡಲುಪ್ಪಿನ ರುಚಿಯಲ್ಲ, ತೆರಿಗೆ. ಯಾರು ಬೇಕಾದರೂ ಊರಾಚೆ ಮಣ್ಣು ಕೆರೆದು ಉಪ್ಪು ಮಾಡಿಕೊಂಡರೆ ಸರ್ಕಾರಕ್ಕೆ ಸುಂಕ ಎಲ್ಲಿಂದ ಬರಬೇಕು? ಬಳ್ಳಾರಿ ಸೇರಿದಂತೆ ಮದ್ರಾಸ್ ಪ್ರಾಂತ್ಯದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಣ್ಣುಪ್ಪಿನ ತಯಾರಿಕೆಯನ್ನು ಅಡಗಿಸಲಾಯಿತು. ಉಪ್ಪಾರರು ಕಲ್ಲುಕಟ್ಟಡ, ಬಾವಿ ಕೆರೆಗಳ ಕೆಲಸ, ಬೇಸಾಯಗಳತ್ತ ತಿರುಗಿದರು. ಹೆಸರು ಉಳಿಯಿತು, ಕಸುಬು ಹೋಯಿತು.

ಮೂರು ಆಳ್ವಿಕೆ, ಒಂದು ಸುಂಕ

1882ರ ಉಪ್ಪಿನ ಕಾಯ್ದೆಯಂತೆ ಉಪ್ಪು ತಯಾರಿಸುವುದೂ ಮಾರುವುದೂ ಸರ್ಕಾರದ ಹತೋಟಿಗೆ ಸೇರಿತ್ತು. ಬಂಗಾಳದವರಂತೂ ತಮ್ಮ ಕಡಲನ್ನು ಬಿಟ್ಟು ಇಂಗ್ಲೆಂಡಿನ ಚೆಷೈರಿನಿಂದ ಹಡಗಿನಲ್ಲಿ ಬಂದ ಉಪ್ಪನ್ನು ತಿನ್ನುವಂತಾಗಿತ್ತು. 1923ರಲ್ಲಿ ಒಂದು ಮಣಕ್ಕೆ, ಅಂದರೆ ಸುಮಾರು 37 ಕಿಲೋಗೆ, ಒಂದೂಕಾಲು ರೂಪಾಯಿ ಇದ್ದ ಸುಂಕವನ್ನು ಶಾಸನಸಭೆ ಒಪ್ಪದಿದ್ದರೂ ವೈಸರಾಯ್ ತಮ್ಮ ವಿಶೇಷಾಧಿಕಾರದಿಂದ ಎರಡೂವರೆ ರೂಪಾಯಿಗೆ ಏರಿಸಿದರು. ಮರುವರ್ಷ ಅದು ಮತ್ತೆ ಒಂದೂಕಾಲು ರೂಪಾಯಿಗೆ ಇಳಿಯಿತು. 1930ರಲ್ಲಿ ಇದ್ದದ್ದು ಈ ದರವೇ.

ಇದು ಹೆಚ್ಚೇ? ಐದು ಜನರ ಮನೆಗೆ ವರ್ಷಕ್ಕೆ ಮುಕ್ಕಾಲು ಮಣ ಉಪ್ಪು ಬೇಕೆಂದುಕೊಂಡರೆ ಸುಮಾರು ಹದಿನೈದು ಆಣೆ ಸುಂಕ. ದನಕರುಗಳಿಗೆ ಬೇಕಾದ ಉಪ್ಪು, ಉಪ್ಪಿನಕಾಯಿಗೆ ಬೇಕಾದ ಉಪ್ಪು ಬೇರೆ. ದಿನಗೂಲಿ ಕೆಲವೇ ಆಣೆ ಇದ್ದ ಕಾಲದಲ್ಲಿ ಅದು ಹಲವು ದಿನಗಳ ದುಡಿಮೆ. ಶ್ರೀಮಂತನೂ ಅಷ್ಟೇ ಉಪ್ಪು ತಿನ್ನುತ್ತಾನೆ, ಅಷ್ಟೇ ಸುಂಕ ಕೊಡುತ್ತಾನೆ. ಬಿಸಿಲಿನಲ್ಲಿ ಬೆವರು ಸುರಿಸುವ ಕೂಲಿಯವನಿಗೆ ಬೇಕಾಗುವುದು ಇನ್ನೂ ಹೆಚ್ಚು.

ನಮ್ಮ ಸಾಗರ ಅಂದು ಮೈಸೂರು ಸಂಸ್ಥಾನದಲ್ಲಿತ್ತು. ಅಂಕೋಲಾ, ಕುಮಟಾ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕನ್ನಡಿಗರು ಬೇರೆ ಬೇರೆ ಆಳ್ವಿಕೆಗಳಲ್ಲಿ ಹಂಚಿಹೋಗಿದ್ದರೂ ಕಡಲ ಕರೆಯಿಂದ ಬಂದ ಉಪ್ಪಿನೊಳಗೆ ಆ ಸುಂಕ ಎಲ್ಲರ ಮನೆಗೂ ಬರುತ್ತಿತ್ತು. ಮಹಾರಾಜರ ಪ್ರಜೆಯೂ ಕೈಗೆ ಹಾಕಿಕೊಂಡ ಚಿಟಿಕೆ ಉಪ್ಪಿನಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಕಾಣಿಕೆ ಸಲ್ಲಿಸುತ್ತಿದ್ದ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ಹೊರಟು ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಅವರೊಡನೆ ನಡೆದವರಲ್ಲಿ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಇದ್ದರು. ಅವರಿಗೆ ಆಗ ಇಪ್ಪತ್ತು ಕೂಡ ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಅವರು ಬಲಿಯಾದರು.

ದಂಡಿಯ ಘಟನೆ ನಡೆದು ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಆರಂಭವಾಯಿತು. ಕಡಲ ನೀರು ಕಾಯಿಸಿ ತೆಗೆದ ಉಪ್ಪನ್ನು ಪೊಟ್ಟಣ ಕಟ್ಟಿ ಜನರು ಬಹಿರಂಗವಾಗಿ ಮಾರಿದರು, ಕೊಂಡರು, ಜೈಲಿಗೂ ಹೋದರು. ಮಂಗಳೂರಿನಲ್ಲಿ ಕಾರ್ನಾಡು ಸದಾಶಿವರಾಯರು ಮುಂದೆ ನಿಂತರು. ಮಂಗಳೂರಿನಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಮುಂಬಯಿಯಲ್ಲಿ ಹೆಂಗಸರೊಡನೆ ಉಪ್ಪು ತಯಾರಿಸಿ, ಬೀದಿಯಲ್ಲಿ ಮಾರಿ, ಬಂಧನಕ್ಕೊಳಗಾದರು. ನೀರು ಕಾಯಿಸಿ ಉಪ್ಪು ತೆಗೆಯುವುದು ಒಲೆಯ ಮುಂದಿನ ಕೆಲಸ. ಅದನ್ನು ಸರ್ಕಾರದ ವಿರುದ್ಧ ಮಾಡಲು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದಿಂದ ಉಪ್ಪು ದೊರೆಯುವ ಊರುಗಳ ಜನರಿಗೆ ತಮ್ಮ ಮನೆ ಖರ್ಚಿಗೆ ಉಪ್ಪು ಮಾಡಿಕೊಳ್ಳುವ ಅವಕಾಶ ಸಿಕ್ಕಿತು. ಸುಂಕ ಪೂರ್ತಿ ಹೋದದ್ದು 1947ರ ಏಪ್ರಿಲ್‌ನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮುಂಚೆ.

ಸೈಂಧವವೂ ಗುಲಾಬಿ ಉಪ್ಪೂ

ಕಡಲಿನ ಉಪ್ಪು, ಮಣ್ಣಿನ ಉಪ್ಪು ಆಯಿತು. ಮೂರನೆಯದು ಗಣಿಯ ಉಪ್ಪು. ಸಿಂಧು ದೇಶದಿಂದ ಬಂದದ್ದಾದ್ದರಿಂದ ಅದು ಸೈಂಧವ. ಸಿಂಧು ದೇಶದ ಕುದುರೆಗೂ ಅದೇ ಹೆಸರು. ಒಡೆಯ "ಸೈಂಧವ ತಾ" ಎಂದರೆ ಊಟಕ್ಕೆ ಕುಳಿತಿದ್ದಾನೋ ಪ್ರಯಾಣಕ್ಕೆ ಹೊರಟಿದ್ದಾನೋ ನೋಡಿಕೊಂಡು ಉಪ್ಪನ್ನೋ ಕುದುರೆಯನ್ನೋ ತರಬೇಕು ಎಂಬುದು ನಮ್ಮ ಶಾಸ್ತ್ರಜ್ಞರು ಶಬ್ದಾರ್ಥ ಹೇಳುವಾಗ ಕೊಡುತ್ತಿದ್ದ ಹಳೆಯ ಉದಾಹರಣೆ. ದಕ್ಷಿಣದಲ್ಲಿ ಸೈಂಧವ ಲವಣ ದಿನದ ಅಡಿಗೆಯ ಉಪ್ಪಾಗಿರಲಿಲ್ಲ. ಔಷಧಿಗೆ, ಬಾಣಂತಿಯ ಪಥ್ಯಕ್ಕೆ ಗಂಧಿಗೆ ಅಂಗಡಿಯಿಂದ ತೊಲದ ಲೆಕ್ಕದಲ್ಲಿ ಬರುತ್ತಿತ್ತು.

ಈಗ ಇಲ್ಲಿನ ಅಂಗಡಿಗಳಲ್ಲಿ 'ಹಿಮಾಲಯದ ಗುಲಾಬಿ ಉಪ್ಪು' ಎಂದು ದುಬಾರಿ ಬೆಲೆಗೆ ಸಿಗುವುದು ಬಹುಮಟ್ಟಿಗೆ ಅದೇ ಸೈಂಧವ. ಬರುವುದು ಹಿಮಾಲಯದ ಶಿಖರದಿಂದಲ್ಲ, ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ಖೇವ್ರಾ ಗಣಿಯಿಂದ. ಬಣ್ಣ ಕಬ್ಬಿಣದ ಅಂಶದ್ದು. ಅದರಲ್ಲೂ ನೂರಕ್ಕೆ ಸುಮಾರು 98 ಪಾಲು ಸಾಮಾನ್ಯ ಉಪ್ಪೇ. ಉಳಿದ ಖನಿಜಗಳು ನಾವು ಹಾಕುವ ಚಿಟಿಕೆಯಲ್ಲಿ ಲೆಕ್ಕಕ್ಕೆ ಬಾರದಷ್ಟು. ಭಾರತದೊಳಗೂ ಹಿಮಾಚಲದ ಮಂಡಿ ಜಿಲ್ಲೆಯಲ್ಲಿ ಕಲ್ಲುಪ್ಪಿನ ಗಣಿಗಳಿವೆ. ಚಾಟ್‌ಗೆ ಹಾಕುವ ಕರಿ ಉಪ್ಪು ಬೇರೆ ಬಗೆಯದು. ಅಳಲೆಕಾಯಿ ಮುಂತಾದವುಗಳೊಡನೆ ಉಪ್ಪನ್ನು ಕುಲುಮೆಯಲ್ಲಿ ಸುಟ್ಟು ತಯಾರಿಸುತ್ತಾರೆ. ಅದರ ಆ ವಾಸನೆ ಗಂಧಕದ್ದು.

ನನ್ನನ್ನು ಮೋಸಗೊಳಿಸಿದ ಕೋಷರ್ ಉಪ್ಪಿಗೂ ಒಂದು ಚರಿತ್ರೆಯಿದೆ. ಯೆಹೂದ್ಯರ ಆಹಾರ ನಿಯಮದಲ್ಲಿ ರಕ್ತ ನಿಷಿದ್ಧ. ಮಾಂಸದ ಮೇಲೆ ದಪ್ಪ ಉಪ್ಪು ಉದುರಿಸಿ ರಕ್ತವನ್ನು ಹೊರತೆಗೆದು ತೊಳೆಯುತ್ತಾರೆ. ಮಾಂಸದ ಮೇಲೆ ನಿಲ್ಲಬೇಕು, ಬೇಗ ಕರಗಬಾರದು. ಅದಕ್ಕೆಂದೇ ಅಗಲವಾದ ಚಕ್ಕೆಯಂಥ ಹರಳು. ಕೆಲವು ಬಗೆಗಳಲ್ಲಿ ಹರಳು ಒಳಗೆ ಟೊಳ್ಳು. ಹೀಗಾಗಿ ಪಾವು ತುಂಬಿದಂತೆ ಕಾಣುತ್ತದೆ, ತಕ್ಕಡಿ ಮೇಲೇಳುವುದಿಲ್ಲ. ಅದೊಂದು ಸಮಾಜ ತನ್ನ ಅಗತ್ಯಕ್ಕೆ ಕಂಡುಕೊಂಡ ಉಪ್ಪು. ಅಮ್ಮನ ಲೆಕ್ಕಕ್ಕೆ ಅದು ಒಗ್ಗದಿದ್ದರೆ ತಪ್ಪು ಅದರದಲ್ಲ.

ಗಳಗಂಡ ಮತ್ತು ಅಯೋಡಿನ್

ಇಷ್ಟು ಹೊತ್ತು ಕಲ್ಲುಪ್ಪನ್ನು ಹೊಗಳಿದವಳು ಈಗ ಅದರ ಕೊರತೆಯನ್ನೂ ಹೇಳಬೇಕು. ನಾನು ಚಿಕ್ಕವಳಿದ್ದಾಗ ಕತ್ತಿನಲ್ಲಿ ದೊಡ್ಡ ಗಡ್ಡೆ ಬೆಳೆದ ಅಜ್ಜಿಯೊಬ್ಬರು ಸಂತೆಗೆ ಬರುತ್ತಿದ್ದರು. ಮಕ್ಕಳಾದ ನಾವು ಹೆದರಿ ಓಡುತ್ತಿದ್ದೆವು. ಅದು ಗಳಗಂಡ. ಆಹಾರದಲ್ಲಿ ಅಯೋಡಿನ್ ಸಾಲದಿದ್ದರೆ ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಹಾನಿ ಕಣ್ಣಿಗೆ ಕಾಣುವುದಿಲ್ಲ. ಬಸುರಿಗೆ ಅಯೋಡಿನ್ ತೀರ ಕಡಿಮೆಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆ ಕುಂದುತ್ತದೆ. ಕಡಲಿನ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಕಡಲುಪ್ಪಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸೈಂಧವದಲ್ಲೂ ಅಷ್ಟೇ.

ಈ ಪಾಠವನ್ನು ಮೊದಲು ಕಲಿತವರಲ್ಲಿ ಅಮೆರಿಕನ್ನರೂ ಸೇರಿದ್ದಾರೆ. ಇಲ್ಲಿನ ಮಹಾಸರೋವರಗಳ ಸುತ್ತಲಿನ ರಾಜ್ಯಗಳಲ್ಲಿ ಗಳಗಂಡ ವಿಪರೀತವಾಗಿತ್ತು. ಓಹಾಯೋದ ಆಕ್ರನ್ ಊರಿನ ಶಾಲಾಬಾಲಕಿಯರಿಗೆ 1917ರಿಂದ ಅಯೋಡಿನ್ ಕೊಟ್ಟು ಡಾ. ಡೇವಿಡ್ ಮೆರೀನ್ ಅದರ ಗುಣವನ್ನು ತೋರಿಸಿದರು. 1922ರಲ್ಲಿ ಸ್ವಿಟ್ಜರ್ಲೆಂಡ್, 1924ರ ಮೇ ತಿಂಗಳಲ್ಲಿ ಮಿಶಿಗನ್ ರಾಜ್ಯ ಅಯೋಡಿನ್ ಬೆರೆಸಿದ ಉಪ್ಪನ್ನು ಅಂಗಡಿಗೆ ತಂದವು.

ನಮ್ಮ ದೇಶದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಕೆಲವು ಭಾಗಕ್ಕೆ ಅಯೋಡಿನ್ ಉಪ್ಪು, ಇನ್ನೊಂದು ಭಾಗಕ್ಕೆ ಸಾದಾ ಉಪ್ಪು ಒದಗಿಸಿ ವರ್ಷಗಟ್ಟಲೆ ಗಮನಿಸಿದರು. ಅಯೋಡಿನ್ ಸಿಕ್ಕ ಕಡೆ ಗಳಗಂಡ ಸ್ಪಷ್ಟವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1980ರ ದಶಕದಲ್ಲಿ ದೇಶದ ಎಲ್ಲ ಉಪ್ಪಿಗೂ ಅಯೋಡಿನ್ ಬೆರೆಸುವ ತೀರ್ಮಾನವಾಯಿತು.

ಇಲ್ಲಿ ಹಳೆಯ ಪ್ರಶ್ನೆಯೊಂದು ಹೊಸ ರೂಪದಲ್ಲಿ ಎದ್ದಿತು. 1997ರಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ಜನರ ಆಹಾರಕ್ಕಾಗಿ ಮಾರುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಸಣ್ಣ ಉಪ್ಪು ತಯಾರಕರೂ ಗಾಂಧಿವಾದಿಗಳೂ ಪ್ರತಿಭಟಿಸಿದರು. ಗದ್ದೆಯಲ್ಲಿ ಉಪ್ಪು ಎಳೆಯುವವನು ದೊಡ್ಡ ಕಾರ್ಖಾನೆಯೊಂದಿಗೆ ಪೈಪೋಟಿ ನಡೆಸುವುದು ಹೇಗೆ, ಉಪ್ಪನ್ನು ಆರಿಸಿಕೊಳ್ಳುವ ಹಕ್ಕಿಗಾಗಿಯೇ ಅಲ್ಲವೇ ಜನ ಜೈಲಿಗೆ ಹೋದದ್ದು ಎಂಬುದು ಅವರ ವಾದ. 2000ದಲ್ಲಿ ನಿಷೇಧ ಹೋಯಿತು. ಮಕ್ಕಳ ಆರೋಗ್ಯದ ಹೆಸರಿನಲ್ಲಿ ವೈದ್ಯರು ಆತಂಕ ವ್ಯಕ್ತಪಡಿಸಿದರು. 2006ರ ಮೇ 17ರಿಂದ ನಿಷೇಧ ಮತ್ತೆ ಬಂತು, ಇಂದಿಗೂ ಇದೆ.

ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿದೆಯೆಂದು ನನಗೆ ಅನಿಸುತ್ತದೆ. ಆದರೆ 1930ರ ಸುಂಕ ಬಡವನ ಉಪ್ಪಿನಿಂದ ಕಿತ್ತುಕೊಂಡಿತು. ಅಯೋಡಿನ್ ಬಡವನ ಉಪ್ಪಿಗೆ ಏನನ್ನೋ ಸೇರಿಸಿತು. ಸಂತೆಯ ಆ ಅಜ್ಜಿಯನ್ನು ನೋಡಿ ಓಡಿದ ನಾನು ಈ ವ್ಯತ್ಯಾಸವನ್ನು ಮರೆಯಲಾರೆ.

ಮಗಳ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ನನ್ನ ಮಗಳು ಬಸುರಿಯಾದಾಗ ಅವಳ ವೈದ್ಯೆ ಕೇಳಿದ ಪ್ರಶ್ನೆಗಳಲ್ಲಿ "ಮನೆಯಲ್ಲಿ ಯಾವ ಉಪ್ಪು ಬಳಸುತ್ತೀರಿ?" ಎಂಬುದೂ ಒಂದು. ಮಗಳು ಮೀನು ಮೊಟ್ಟೆ ತಿನ್ನುವವಳಲ್ಲ, ಹಾಲು ಮೊಸರನ್ನೂ ಬಿಟ್ಟಿದ್ದಳು. ಮನೆಯಲ್ಲಿ ಇದ್ದದ್ದು ಗುಲಾಬಿ ಉಪ್ಪು ಒಂದೇ, ಅದೂ ಶುದ್ಧ, ಸಹಜ ಎಂಬ ನಂಬಿಕೆಯಿಂದ. ಅಯೋಡಿನ್ ಬರುವ ದಾರಿಗಳೆಲ್ಲ ಒಂದೊಂದಾಗಿ ಮುಚ್ಚಿಹೋಗಿದ್ದವು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಬಸುರಿಗೆ 250 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ವೈದ್ಯೆ ಮಾತ್ರೆ ಬರೆದುಕೊಟ್ಟು, ಅಡಿಗೆಗೆ ಅಯೋಡಿನ್ ಉಪ್ಪು ಬಳಸಲು ಹೇಳಿದರು. ಮಗು ಆರೋಗ್ಯವಾಗಿ ಹುಟ್ಟಿತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗಳಿಗೆ ಹುಳಿ ಮಾಡುವುದನ್ನು ಕಲಿಸಿದ್ದೆ, ಉಪ್ಪಿನ ಬಗ್ಗೆ ಹೇಳಿರಲಿಲ್ಲ. ಅಮ್ಮನಂತೆ ನಾನೂ ಅದು ಹೇಳಬೇಕಾದ ಮಾತೆಂದು ತಿಳಿದಿರಲಿಲ್ಲ.

ಆದ್ದರಿಂದ ಈ ದೇಶದಲ್ಲಿ ಅಡಿಗೆ ಮಾಡುವ ನಮ್ಮವರಿಗೆ, ವಿಶೇಷವಾಗಿ ಹೊಸದಾಗಿ ಬಂದವರಿಗೆ, ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ.

ದಿನದ ಸಾರು, ಹುಳಿ, ಪಲ್ಯಕ್ಕೆ ಅಯೋಡಿನ್ ಇರುವ ಪುಡಿ ಉಪ್ಪೇ ಇರಲಿ. ಇಲ್ಲಿ ಅಯೋಡಿನ್ ಬೆರೆಸುವುದು ಕಡ್ಡಾಯವಲ್ಲ, ಡಬ್ಬ ನೋಡಿಯೇ ಕೊಳ್ಳಬೇಕು. ಇಲ್ಲಿನ ತಯಾರಿ ತಿಂಡಿಗಳಲ್ಲಿ ಉಪ್ಪು ಬೇಕಾದಷ್ಟಿದ್ದರೂ ಅದು ಸಾಮಾನ್ಯವಾಗಿ ಅಯೋಡಿನ್ ಇಲ್ಲದ್ದು. ಕೆನಡಾದಲ್ಲಿ ಮೇಜಿನ ಉಪ್ಪಿಗೆ ಅಯೋಡಿನ್ ಕಡ್ಡಾಯ. ಆಸ್ಟ್ರೇಲಿಯಾದಲ್ಲಿ 2009ರಿಂದ ಬ್ರೆಡ್ಡಿಗೆ ಆ ಉಪ್ಪನ್ನೇ ಹಾಕುತ್ತಾರೆ. ಬ್ರಿಟನ್ನಿನಲ್ಲಿ ಅಂಥ ಉಪ್ಪು ಹುಡುಕಿದರೆ ಮಾತ್ರ ಸಿಗುತ್ತದೆ. ಅಲ್ಲೆಲ್ಲ ನಿಮ್ಮ ನೆಂಟರಿದ್ದರೆ ಒಂದು ಮಾತು ತಿಳಿಸಿ. ಡಬ್ಬವನ್ನು ಒಲೆಯಿಂದ ದೂರ, ಮುಚ್ಚಳ ಬಿಗಿದು ಇಡಿ. ಉಪ್ಪನ್ನು ಕುದಿಯ ಕೊನೆಯಲ್ಲಿ ಹಾಕಿದರೆ ಅಯೋಡಿನ್ ಹೆಚ್ಚು ಉಳಿಯುತ್ತದೆ.

ಉಪ್ಪಿನಕಾಯಿಗೆ, ಮಜ್ಜಿಗೆ ಮೆಣಸಿಗೆ, ಉಪ್ಪುನೀರಿನ ಮಾವಿನಕಾಯಿಗೆ ಏನೂ ಬೆರೆಸದ ಉಪ್ಪು ಒಳ್ಳೆಯದು. ಇಲ್ಲಿನ ಅಂಗಡಿಗಳಲ್ಲಿ ಉಪ್ಪಿನಕಾಯಿಗೆಂದೇ ಅಂಥ ಉಪ್ಪು ಸಿಗುತ್ತದೆ. ಮೇಜಿನ ಉಪ್ಪು ಹಾಕಿದರೆ ಉಪ್ಪಿನಕಾಯಿ ಕೆಡುವುದಿಲ್ಲ. ಉಪ್ಪು ಗಂಟುಕಟ್ಟದಿರಲೆಂದು ಸೇರಿಸಿರುವ ಪದಾರ್ಥದಿಂದ ರಸ ಮಬ್ಬಾಗುತ್ತದೆ, ಅಷ್ಟೆ. ಕೆಡುವುದು ಉಪ್ಪಿನ ತೂಕ ಕಡಿಮೆಯಾದರೆ. ಆದ್ದರಿಂದ ಚಮಚ, ಲೋಟ, ಪಾವು ಎಲ್ಲ ಬಿಟ್ಟು ತಕ್ಕಡಿ ಹಿಡಿಯಿರಿ.

ಕೋಷರ್ ಉಪ್ಪಿನ ಒಂದು ಚಮಚ ಎಂದರೆ ಪುಡಿ ಉಪ್ಪಿನ ಒಂದು ಚಮಚ ಅಲ್ಲ. ಪುಡಿ ಉಪ್ಪು ಚಮಚಕ್ಕೆ 6 ಗ್ರಾಂ ಇದ್ದರೆ ಕೋಷರ್ ಉಪ್ಪು ಬಗೆಗೆ ತಕ್ಕಂತೆ 3 ಅಥವಾ 5 ಗ್ರಾಂ. ಇಂಗ್ಲಿಷ್ ಅಡಿಗೆ ಪುಸ್ತಕ ನೋಡಿ ಮಾಡುವಾಗ ಯಾವ ಉಪ್ಪೆಂದು ಮೊದಲು ಗಮನಿಸಿ.

ಯಾವ ಉಪ್ಪಾದರೂ ಕೊನೆಗೆ ಉಪ್ಪೇ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ಮೂರೂ ಇರುವ ನಮ್ಮ ಎಲೆಯಲ್ಲಿ ಅದನ್ನು ದಾಟುವುದು ಬಲು ಸುಲಭ. ಸೋಡಿಯಂ ಕಡಿಮೆಯಿರುವ ಉಪ್ಪೆಂದು ಮಾರುವುದರಲ್ಲಿ ಪೊಟಾಸಿಯಂ ಇರುತ್ತದೆ. ರಕ್ತದೊತ್ತಡಕ್ಕೆ ಅದು ಸಹಾಯಕ, ಆದರೆ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ನಮ್ಮ ಕಡೆ ಒಂದು ಗಾದೆಯಿದೆ: ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ. ಊಟ ಹಾಕಿದವರನ್ನು ಮರೆಯಬೇಡ ಎಂದು ಅದರ ಅರ್ಥ. ಬಾಳೆಯೆಲೆಯ ತುದಿಗೆ ಮೊದಲು ಉಪ್ಪು ಬಡಿಸುವ ಹೊತ್ತಿನಲ್ಲಿ ಈಗ ನನಗೆ ಅಮ್ಮನ ಜೊತೆಗೆ ಇನ್ನೂ ಕೆಲವರು ನೆನಪಾಗುತ್ತಾರೆ. ಸಾಣಿಕಟ್ಟಾದ ಬಿಸಿಲಿನಲ್ಲಿ ನಿಂತವರು, ಘಟ್ಟ ಹತ್ತಿಸಿದ ಲಂಬಾಣಿಗರು, ಕಸುಬು ಕಳೆದುಕೊಂಡ ಉಪ್ಪಾರರು, ಅಂಕೋಲೆಯಲ್ಲಿ ಪೊಟ್ಟಣ ಕಟ್ಟಿದವರು.

ಅಮ್ಮನ ಆ ನೀಲಿ ಕಾಗದ ಮಡಿಕೆಗಳಲ್ಲಿ ಹರಿಯತೊಡಗಿದೆ. ಈ ಬೇಸಿಗೆಯಲ್ಲಿ ಮಗಳು ಉಪ್ಪಿನಕಾಯಿ ಹಾಕುತ್ತೇನೆಂದು ಕೇಳಿದಾಗ ಹೊಸ ಹಾಳೆಯಲ್ಲಿ ಬರೆದುಕೊಟ್ಟೆ: ನಿಂಬೆಹಣ್ಣು 1 ಕಿಲೋ. ಉಪ್ಪು 200 ಗ್ರಾಂ, ಏನೂ ಬೆರೆಸದ್ದು, ತೂಗಿ ಹಾಕು. ಮೆಣಸಿನಪುಡಿ, ಸಾಸಿವೆ, ಮೆಂತ್ಯ, ಇಂಗು ನಿನ್ನ ಅಂದಾಜಿನಂತೆ.